ಸ್ಕ್ವಾಟ್ 110 ಕೆ.ಜಿ. ಬರುತ್ತೆ, ಜಂಪ್ ಮಾತ್ರ ಏರುತ್ತಿಲ್ಲ. ಕೊರತೆ ಮಾಂಸಖಂಡದ್ದಾ, ಟೆಂಡನ್‌ದಾ?

ಜಗಳೂರು ಸ್ಮ್ಯಾಶರ್:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಿ.ಕಾಂ. ಓದುತ್ತಿದ್ದೇನೆ, ಕಾಲೇಜ್ ಟೀಮಿನಲ್ಲಿ ವಾಲಿಬಾಲ್ ಆಡುತ್ತೇನೆ. ಊರ ಕಡೆ ಹೊನಲು ಬೆಳಕಿನ ಪಂದ್ಯಾವಳಿ ಇದ್ದರೆ ಅಲ್ಲಿಗೂ ಹೋಗುತ್ತೇನೆ. ನನ್ನ ಎತ್ತರ ಐದು ಅಡಿ ಎಂಟು ಇಂಚು. ಸ್ಮ್ಯಾಶ್ ಹೊಡೆಯುವವನಿಗೆ ಇದು ಕಡಿಮೆ. ಜಂಪ್ ಚೆನ್ನಾಗಿದ್ದರೆ ಮಾತ್ರ ನನಗೆ ಟೀಮಲ್ಲಿ ಜಾಗ.

ವಿಷಯ ಏನಂದ್ರೆ, ಜಿಮ್‌ಗೆ ಹೋಗಿ ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕೂತು ಏಳೋದು) 110 ಕೆ.ಜಿ. ತನಕ ತಂದಿದ್ದೇನೆ, ತೊಡೆ ದಪ್ಪ ಆಗಿದೆ, ಆದರೆ ಜಂಪ್ ಹೆಚ್ಚುಕಮ್ಮಿ ಇದ್ದಲ್ಲೇ ಇದೆ. ನಮ್ಮ ಟೀಮಲ್ಲೇ ಇನ್ನೊಬ್ಬನಿದ್ದಾನೆ. ಜಿಮ್ ಮೆಟ್ಟಿಲು ಹತ್ತಿದವನಲ್ಲ. ಅವನ ಮೀನಖಂಡ ಮೊಣಕಾಲಿನ ಕೆಳಗೆ ಸಣ್ಣದಾಗಿ ಎದ್ದು ಕಾಣುತ್ತೆ, ಅಲ್ಲಿಂದ ಹಿಮ್ಮಡಿ ತನಕ ಬರೀ ನರ. ಅವನು ಓಡಿಬಂದು ಹಾರಿದರೆ ನನಗಿಂತ ನಾಲ್ಕು ಬೆರಳು ಮೇಲೆ.

ಮೊನ್ನೆ ಇಬ್ಬರೂ ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ಗೋಡೆ ಪಕ್ಕ ನಿಂತು ಎರಡು ಥರ ಹಾರಿ ನೋಡಿದೆವು. ಒಂದು, ಅರ್ಧ ಕೂತು ಅಲ್ಲೇ ಎರಡು ಮೂರು ಸೆಕೆಂಡ್ ತಡೆದು, ಆಮೇಲೆ ಹಾರೋದು. ಇನ್ನೊಂದು, ನಿಂತವರು ಸರಕ್ಕನೆ ಬಗ್ಗಿ ಹಾಗೇ ಹಾರೋದು. ನನ್ನ ಎರಡೂ ಗುರುತು ಒಂದರ ಮೇಲೊಂದು ಬಿದ್ದವು. ಅವನದು ಮೊದಲನೆಯದು ನನಗಿಂತ ಕೆಳಗೆ, ಎರಡನೆಯದು ನನಗಿಂತ ಮೇಲೆ. ಇದು ಯಾಕೆ ಹೀಗೆ?

ಸೀನಿಯರ್‌ಗಳನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಹಿಮ್ಮಡಿ ನರ ಉದ್ದ ಇದ್ದವರೇ ಹಾರೋದು, ಅದು ಹುಟ್ಟಿನಿಂದ ಬರಬೇಕು ಅಂತ ಒಬ್ಬರು. ಜಾಸ್ತಿ ಸ್ಟ್ರೆಚಿಂಗ್ ಮಾಡು ಅಂತ ಇನ್ನೊಬ್ಬರು. ಕಾಲಿಗೆ ಮರಳಿನ ಪಟ್ಟಿ ಕಟ್ಟಿಕೊಂಡು ಹಾರು ಅಂತ ಮತ್ತೊಬ್ಬರು. ಜೊತೆಗೆ ಬೆಳಿಗ್ಗೆ ಎದ್ದಾಗ ಎಡ ಮೊಣಕಾಲ ಚಿಪ್ಪಿನ ಕೆಳಗೆ ಸ್ವಲ್ಪ ನೋವಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಬೆಣ್ಣೆನಗರಿ ಫಿಸಿಯೋ:

ತಮ್ಮಾ, ಗೋಡೆ ಮೇಲೆ ಮಾಡಿದ ಆ ಟೆಸ್ಟ್ ಇದೆಯಲ್ಲ, ನಿನ್ನ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ. ಲ್ಯಾಬಿನಲ್ಲೂ ಮಾಡೋದು ಇದನ್ನೇ. ಕೂತು ತಡೆದು ಹಾರೋದಕ್ಕೆ ಸ್ಕ್ವಾಟ್ ಜಂಪ್ ಅನ್ನುತ್ತಾರೆ, ಬಗ್ಗಿದ ತಕ್ಷಣ ಹಾರೋದಕ್ಕೆ ಕೌಂಟರ್‌ಮೂವ್‌ಮೆಂಟ್ ಜಂಪ್. ಸಾಮಾನ್ಯವಾಗಿ ಎರಡನೆಯದರಲ್ಲಿ ಕೆಲವು ಸೆಂಟಿಮೀಟರ್ ಜಾಸ್ತಿ ಬರುತ್ತದೆ. ನಿನಗೆ ಎರಡೂ ಒಂದೇ ಬಂದಿದೆ. ಅಂದರೆ ಕಾಲಲ್ಲಿ ಬಲ ಇದೆ, ಬಗ್ಗೋದರಿಂದ ಸಿಗಬೇಕಾದ ಲಾಭ ಮಾತ್ರ ಸಿಗುತ್ತಿಲ್ಲ. ನಿನ್ನ ಗೆಳೆಯನಿಗೆ ಬಲ ಕಡಿಮೆ, ಆದರೆ ಇರುವ ಬಲದಲ್ಲಿ ಒಂದು ಚೂರೂ ಪೋಲಾಗುತ್ತಿಲ್ಲ.

ಇದು ಅರ್ಥ ಆಗಬೇಕಾದರೆ ಮೊದಲು ಮಾಂಸಖಂಡದ ಸ್ವಭಾವ ಗೊತ್ತಿರಬೇಕು. ಎ.ವಿ. ಹಿಲ್ ಅನ್ನುವ ಇಂಗ್ಲೆಂಡಿನ ವಿಜ್ಞಾನಿ 1938ರಲ್ಲಿ ಕಪ್ಪೆಯ ಮಾಂಸಖಂಡದ ಮೇಲೆ ಪ್ರಯೋಗ ಮಾಡಿ ಒಂದು ವಿಷಯ ತೋರಿಸಿದರು. ಮಾಂಸಖಂಡ ಎಷ್ಟು ವೇಗವಾಗಿ ಕುಗ್ಗುತ್ತದೋ ಅಷ್ಟು ಕಡಿಮೆ ಬಲ ಕೊಡುತ್ತದೆ. ನಿಧಾನವಾಗಿ ಕುಗ್ಗುವಾಗ ಅಥವಾ ಇದ್ದ ಉದ್ದದಲ್ಲೇ ಬಿಗಿಹಿಡಿದು ನಿಂತಾಗ ಅದರ ಬಲ ಜಾಸ್ತಿ. ಈಗ ಜಂಪ್ ನೋಡು. ನೆಲ ಬಿಡುವ ಕೊನೇ ಗಳಿಗೆಯಲ್ಲಿ ಪಾದದ ಕೀಲು ಫಟ್ ಅಂತ ನೆಟ್ಟಗಾಗುತ್ತದೆ. ಅಷ್ಟು ವೇಗಕ್ಕೆ ಮೀನಖಂಡದ ಎಳೆಗಳೇ ಕುಗ್ಗಬೇಕಾಗಿದ್ದರೆ, ಬಲ ತುಂಬಾ ಬೇಕಾದ ಹೊತ್ತಿನಲ್ಲೇ ಬಲ ಇಲ್ಲದಂತಾಗುತ್ತಿತ್ತು.

ಇಲ್ಲೇ ಟೆಂಡನ್ ಕೆಲಸಕ್ಕೆ ಬರೋದು. ನೀನು ನರ ಅಂತ ಹೇಳಿದ್ದು ಅದನ್ನೇ, ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ. ಕೆಳಗೆ ಬಗ್ಗುವಾಗ, ಅಥವಾ ಓಡಿಬಂದು ಕಾಲು ಊರುವಾಗ, ಮೀನಖಂಡದ ಎಳೆಗಳು ಬಿಗಿಯಾಗಿ ನಿಲ್ಲುತ್ತವೆ, ಹಿಗ್ಗೋದು ಹೆಚ್ಚಾಗಿ ಹಿಮ್ಮಡಿಯ ಟೆಂಡನ್. ಆಮೇಲೆ ಅದು ಹಿಂದಕ್ಕೆ ಬರುವ ವೇಗ ಯಾವ ಮಾಂಸಖಂಡಕ್ಕೂ ಇಲ್ಲ. ಇದು ಬರೀ ಊಹೆ ಅಲ್ಲ. ಹಾರುವವರ ಮೀನಖಂಡದ ಮೇಲೆ ಅಲ್ಟ್ರಾಸೌಂಡ್ ಪಟ್ಟಿ ಕಟ್ಟಿ ಜಪಾನಿನ ಸಂಶೋಧಕರು ಕಣ್ಣಾರೆ ನೋಡಿದ್ದಾರೆ. ಕಾಲು ಮಡಿಚಿ ಬಿಚ್ಚುತ್ತಿದ್ದರೂ ಎಳೆಗಳ ಉದ್ದ ಸ್ವಲ್ಪ ಹೊತ್ತು ಹೆಚ್ಚುಕಮ್ಮಿ ಬದಲಾಗೋದೇ ಇಲ್ಲ.

ಹುಣಸೆಕಾಯಿಗೆ ಕಲ್ಲು ಹೊಡೆಯುವ ರಬ್ಬರ್ ಕವಣೆ ನೆನಪು ಮಾಡಿಕೋ. ಕವೆ ಹಿಡಿದ ಕೈ ಸಡಿಲ ಇದ್ದರೆ ರಬ್ಬರ್ ಎಳೆಯೋಕೇ ಆಗಲ್ಲ. ಇಲ್ಲಿ ಹಿಡಿದ ಕೈ ಅಂದರೆ ಮಾಂಸಖಂಡ. ಅದು ಸರಿಯಾದ ಹೊತ್ತಿಗೆ ಬಿಗಿಯಾಗದಿದ್ದರೆ ಟೆಂಡನ್ ಎಷ್ಟು ಒಳ್ಳೆಯದಿದ್ದರೂ ಅದರಲ್ಲಿ ಏನೂ ತುಂಬಲ್ಲ.

ಸರಿಯಾದ ಹೊತ್ತು ಅಂದೆನಲ್ಲ, ಅದು ಪಾದ ನೆಲ ಮುಟ್ಟಿದ ಮೇಲೆ ಅಲ್ಲ, ಮುಟ್ಟುವುದಕ್ಕೆ ಮುಂಚೆ. ಚೆನ್ನಾಗಿ ಹಾರುವವರ ಕಾಲಿಗೆ ಇಎಂಜಿ ತಂತಿ (ಮಾಂಸಖಂಡದ ವಿದ್ಯುತ್ ಸಂಕೇತ ಅಳೆಯುವುದು) ಅಂಟಿಸಿ ನೋಡಿದರೆ, ಪಾದ ನೆಲಕ್ಕೆ ತಾಗುವ ಸುಮಾರು 100 ಮಿಲಿಸೆಕೆಂಡ್ ಮುಂಚೆಯೇ ಮೀನಖಂಡ ಚುರುಕಾಗಿರುತ್ತದೆ. ತಾಗಿದ ಮೇಲೆ ರಿಫ್ಲೆಕ್ಸ್, ಅಂದರೆ ನಾವು ಯೋಚಿಸದೆ ತಾನಾಗೇ ಆಗುವ ಬಿಗಿತ, ಬಂದು ಸೇರುವುದಕ್ಕೆ ಮತ್ತೆ 40-50 ಮಿಲಿಸೆಕೆಂಡ್ ಬೇಕು. ಮುಂಚೆಯೇ ಬಿಗಿಯಾಗದವರ ಹಿಮ್ಮಡಿ ಅಷ್ಟರಲ್ಲಿ ನೆಲಕ್ಕೆ ಕುಸಿದಿರುತ್ತದೆ. ನಿನ್ನ ಜಂಪನ್ನು ಪಕ್ಕದಿಂದ ಮೊಬೈಲಲ್ಲಿ ಸ್ಲೋ ಮೋಷನ್ ಹಿಡಿದು ನೋಡು, ಕೊನೇ ಹೆಜ್ಜೆಯಲ್ಲಿ ಹಿಮ್ಮಡಿ ಕುಸಿದು ಮೊಣಕಾಲು ತುಂಬಾ ಮಡಿಚುತ್ತಿದೆಯಾ ಅಂತ.

ಸ್ಟ್ರೆಚಿಂಗ್ ಬಗ್ಗೆ ಒಂದೇ ಮಾತು. ಆಟಕ್ಕೆ ಮುಂಚೆ ಒಂದೊಂದು ಮಾಂಸಖಂಡವನ್ನು ಒಂದು ನಿಮಿಷಕ್ಕಿಂತ ಜಾಸ್ತಿ ಎಳೆದು ಹಿಡಿದರೆ ಜಂಪ್ ಕಡಿಮೆಯೇ ಆಗುತ್ತದೆ. ಮೊಣಕಾಲ ನೋವಿನ ವಿಷಯ ಆಮೇಲೆ ಬರೆಯುತ್ತೇನೆ. ಮೊದಲು ಇಷ್ಟು ಹೇಳು. ನೋವು ಚಿಪ್ಪಿನ ಕೆಳತುದಿಯಲ್ಲಿ ಒಂದೇ ಬೆರಳಲ್ಲಿ ತೋರಿಸುವ ಹಾಗೆ ಇದೆಯಾ, ಇಲ್ಲಾ ಮೊಣಕಾಲೆಲ್ಲ ಹರಡಿದೆಯಾ?

ಎಂಪಿಎಡ್ ಹರಿಹರ:

ಮೇಡಂ, ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ಒಂದು ವಿಷಯ ಸೇರಿಸುತ್ತೇನೆ, ಇವರ ಗೋಡೆ ಟೆಸ್ಟಿಗೆ ಅದು ಮುಖ್ಯ ಅನಿಸಿತು.

ನಿಂತಲ್ಲೇ ಬಗ್ಗಿ ಹಾರಿದಾಗ ಸಿಗುವ ಆ ಹೆಚ್ಚಿನ ಎತ್ತರ ಎಲ್ಲವೂ ಟೆಂಡನ್ನಿನದಲ್ಲ. 1996ರಲ್ಲಿ ನೆದರ್ಲೆಂಡ್ಸ್‌ನ ಮಾರ್ಟೆನ್ ಬಾಬರ್ಟ್ ಮತ್ತು ಸಂಗಡಿಗರು ವಾಲಿಬಾಲ್ ಆಟಗಾರರನ್ನೇ ಇಟ್ಟುಕೊಂಡು ಇದನ್ನು ನೋಡಿದರು, ಕಂಪ್ಯೂಟರ್ ಮಾದರಿಯಲ್ಲೂ ಲೆಕ್ಕ ಹಾಕಿದರು. ಅವರ ತೀರ್ಮಾನದಂತೆ ಮುಖ್ಯ ಕಾರಣ ಸಮಯ. ಕೂತು ತಡೆದು ಹಾರುವವನು ಮೇಲೇಳುವುದಕ್ಕೆ ಶುರು ಮಾಡಿದ ಮೇಲೆ ಮಾಂಸಖಂಡ ಪೂರ್ತಿ ಚಾಲೂ ಆಗಬೇಕು, ಅಷ್ಟರಲ್ಲಿ ದಾರಿಯ ಒಂದು ಭಾಗ ಮುಗಿದಿರುತ್ತದೆ. ಬಗ್ಗಿ ಹಾರುವವನು ಕೆಳಗೆ ಬರುವ ತನ್ನ ತೂಕವನ್ನು ತಡೆಯಬೇಕು, ತಡೆಯುವಾಗಲೇ ಮಾಂಸಖಂಡ ಪೂರ್ತಿ ಚಾಲೂ ಆಗಿಬಿಡುತ್ತದೆ, ಮೇಲೇಳುವ ಮೊದಲ ಸೆಂಟಿಮೀಟರಿನಿಂದಲೇ ಪೂರ್ತಿ ಬಲ ಸಿಗುತ್ತದೆ.

ಹಾಗಾಗಿ ಜಗಳೂರಿನ ಗೆಳೆಯರಿಗೆ ಎರಡೂ ಒಂದೇ ಬಂದಿರುವುದಕ್ಕೆ ನನಗೆ ಮೊದಲು ಅನುಮಾನ ಬರೋದು ಅವರು ಬಗ್ಗುವ ರೀತಿಯ ಮೇಲೆ. ಜಿಮ್‌ನಲ್ಲಿ ಭಾರ ಹೊತ್ತು ಮೆಲ್ಲಗೆ ಇಳಿದು ಅಭ್ಯಾಸ ಆದವರು ಜಂಪಿಗೂ ಮೆಲ್ಲಗೆ ಇಳಿಯುತ್ತಾರೆ, ಕೆಳಗೆ ಹೋಗಿ ಒಂದು ಕ್ಷಣ ನಿಲ್ಲುತ್ತಾರೆ. ಆಗ ತಡೆಯುವ ಬಲವೂ ಕಡಿಮೆ, ಟೆಂಡನ್ನಿನಲ್ಲಿ ತುಂಬಿದ್ದೂ ಕರಗಿ ಹೋಗುತ್ತದೆ.

ಇನ್ನೊಂದು. ಟೆಂಡನ್ ಗಡುಸಾಗಿರಬೇಕಾ, ಹಿಗ್ಗುವಂತಿರಬೇಕಾ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಜಪಾನಿನ ಕುಬೋ ಅವರ 1999ರ ಅಧ್ಯಯನದಲ್ಲಿ ತೊಡೆಯ ಮುಂಭಾಗದ ಟೆಂಡನ್ ಹೆಚ್ಚು ಹಿಗ್ಗುವವರಿಗೆ ಬಗ್ಗುವುದರಿಂದ ಲಾಭ ಜಾಸ್ತಿ ಸಿಕ್ಕಿತ್ತು. 2005ರಲ್ಲಿ ಡೆನ್ಮಾರ್ಕಿನ ಬೋಯ್ಸನ್-ಮೊಲ್ಲರ್ ತಂಡ ನೋಡಿದಾಗ ಗಡುಸು ಟೆಂಡನ್ ಇದ್ದವರ ಜಂಪ್ ಜಾಸ್ತಿ ಇತ್ತು, ಅವರ ಬಲವೂ ಬೇಗ ಏರುತ್ತಿತ್ತು. ಎರಡೂ ನಿಜ ಇರಬಹುದು, ಯಾಕಂದ್ರೆ ಮೊದಲನೆಯದು ಒಬ್ಬನದೇ ಎರಡು ಜಂಪುಗಳ ನಡುವಿನ ವ್ಯತ್ಯಾಸ ಅಳೆದದ್ದು, ಎರಡನೆಯದು ಒಟ್ಟು ಎತ್ತರ ಅಳೆದದ್ದು. ಇದರಲ್ಲಿ ಒಂದನ್ನು ಮಾತ್ರ ಓದಿಕೊಂಡು ಯೂಟ್ಯೂಬಲ್ಲಿ ಪಾಠ ಮಾಡುವವರ ಮಾತು ನಂಬಬೇಡಿ.

ಬೆಣ್ಣೆನಗರಿ ಫಿಸಿಯೋ:

ಒಪ್ಪುತ್ತೇನೆ. ನಿಂತ ಜಂಪಿನಲ್ಲಿ ಸಮಯದ ಪಾಲು ದೊಡ್ಡದು. ಓಡಿಬಂದು ಹಾರುವಾಗ, ಒಂದೇ ಕಾಲಲ್ಲಿ ಹಾರುವಾಗ, ಒಂದರ ಹಿಂದೊಂದು ಕುಪ್ಪಳಿಸುವಾಗ ಟೆಂಡನ್ನಿನ ಪಾಲು ಏರುತ್ತಾ ಹೋಗುತ್ತದೆ. ಬ್ರಿಟನ್ನಿನ ಪ್ರಾಣಿವಿಜ್ಞಾನಿ ಮೆಕ್‌ನೀಲ್ ಅಲೆಕ್ಸಾಂಡರ್ ಅವರ ತಂಡ 1987ರಲ್ಲಿ ಓಟದ ಲೆಕ್ಕ ಹಾಕಿತ್ತು. ಪ್ರತಿ ಹೆಜ್ಜೆಯಲ್ಲಿ ಬಂದುಹೋಗುವ ಶಕ್ತಿಯಲ್ಲಿ ಸುಮಾರು 35 ಶೇಕಡ ಹಿಮ್ಮಡಿ ಟೆಂಡನ್ನಿನಲ್ಲಿ, 17 ಶೇಕಡ ಪಾದದ ಕಮಾನಿನಲ್ಲಿ ತುಂಬಿ ವಾಪಸ್ ಬರುತ್ತದೆ. ಒಳ್ಳೆಯ ಟೆಂಡನ್ ತನ್ನಲ್ಲಿ ತುಂಬಿದ್ದರಲ್ಲಿ 90 ಶೇಕಡದಷ್ಟು ಹಿಂದಿರುಗಿಸುತ್ತದೆ. ಆದರೆ ತಾನಾಗಿ ಏನನ್ನೂ ಹುಟ್ಟಿಸಲ್ಲ. ತುಂಬಬೇಕಾದ್ದು ಓಟದ ವೇಗ ಮತ್ತು ಮಾಂಸಖಂಡ.

ಕೋಟೆ ಕೆಳಗಿನ ಕೋಚ್:

ಚಿತ್ರದುರ್ಗದಿಂದ. ಒನಕೆ ಓಬವ್ವ ಸ್ಟೇಡಿಯಂನಲ್ಲಿ ಮಕ್ಕಳಿಗೆ ಹೈಜಂಪ್, ಲಾಂಗ್‌ಜಂಪ್ ಹೇಳಿಕೊಡುತ್ತೇನೆ. ಮೇಲಿನ ಇಬ್ಬರೂ ಹೇಳಿದ್ದನ್ನು ಮೈದಾನದ ಲೆಕ್ಕದಲ್ಲಿ ಹೇಳುತ್ತೇನೆ.

ಪೂರ್ತಿ ಬಲ ಏರುವುದಕ್ಕೆ ಕಾಲಿಗೆ 300 ಮಿಲಿಸೆಕೆಂಡಿಗಿಂತ ಜಾಸ್ತಿ ಬೇಕು. 110 ಕೆ.ಜಿ. ಹೊತ್ತು ಎದ್ದು ನಿಲ್ಲುವಾಗ ಅಷ್ಟು ಸಮಯ ಧಾರಾಳವಾಗಿ ಇರುತ್ತದೆ. ಒಳ್ಳೆಯ ಲಾಂಗ್‌ಜಂಪರ್ ಹಲಗೆ ಮೇಲೆ ಇರೋದು ಸುಮಾರು 120 ಮಿಲಿಸೆಕೆಂಡ್. ಹೈಜಂಪರ್ 200ಕ್ಕಿಂತ ಕಡಿಮೆ. ವಾಲಿಬಾಲ್ ಸ್ಮ್ಯಾಶಿಗೆ ಎರಡು ಕಾಲು ಊರಿ ಹಾರುವಾಗ ಸ್ವಲ್ಪ ಜಾಸ್ತಿ ಸಿಗುತ್ತೆ, ಆದರೂ ಸ್ಕ್ವಾಟಿನ ಹತ್ತಿರಕ್ಕೂ ಬರಲ್ಲ. ನಿಮ್ಮ 110 ಕೆ.ಜಿ.ಯಲ್ಲಿ ಎಷ್ಟು ಪಾಲು ಆ ಅಲ್ಪ ಸಮಯದಲ್ಲಿ ಹೊರಬರುತ್ತದೆ ಅನ್ನುವುದೇ ನಿಮ್ಮ ಜಂಪ್. ಗರಡಿಮನೆಯಲ್ಲಿ ನೂರಾರು ಬಸ್ಕಿ ಹೊಡೆಯುವ ನಿಮ್ಮ ದಾವಣಗೆರೆ ಪೈಲ್ವಾನರ ಕಾಲಲ್ಲಿ ಬಲಕ್ಕೆ ಕಮ್ಮಿ ಇಲ್ಲ, ಅವರ ಆಟಕ್ಕೆ ಆ ಬಲ ಸರಿ. ಜಂಪಿಗೆ ಬೇರೆ ಥರ ಬೇಕು.

ಹುಟ್ಟಿನಿಂದ ಬರಬೇಕು ಅಂದರಲ್ಲ ನಿಮ್ಮ ಸೀನಿಯರ್, ಆ ಮಾತಿಗೆ ನಾನು ಯಾವಾಗಲೂ ಹೇಳೋದು ಸ್ವೀಡನ್ನಿನ ಸ್ಟೆಫಾನ್ ಹೋಮ್ ಕಥೆ. ಎತ್ತರ 1.81 ಮೀಟರ್, ಹೈಜಂಪರ್‌ಗಳ ನಡುವೆ ಕುಳ್ಳ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ 2.36 ಮೀಟರ್ ಹಾರಿ ಚಿನ್ನ ಗೆದ್ದ. ಮುಂದಿನ ವರ್ಷ ಒಳಾಂಗಣದಲ್ಲಿ 2.40 ದಾಟಿದ. ತನ್ನ ತಲೆಗಿಂತ 59 ಸೆಂಟಿಮೀಟರ್ ಮೇಲೆ! ಚಿಕ್ಕಂದಿನಿಂದ ವರ್ಷಗಟ್ಟಲೆ ಹಾರಿ ಹಾರಿ ಕಟ್ಟಿಕೊಂಡ ಕಾಲು ಅದು. ಇನ್ನೊಂದು ಕಡೆ ಬಹಾಮಾಸ್‌ನ ಡೊನಾಲ್ಡ್ ಥಾಮಸ್. ಬಾಸ್ಕೆಟ್‌ಬಾಲ್ ಆಡುತ್ತಿದ್ದವನು 2006ರಲ್ಲಿ ಹೈಜಂಪಿಗೆ ಬಂದ. ಮರು ವರ್ಷ ಒಸಾಕಾ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ 2.35 ಹಾರಿ ಚಿನ್ನ ತಗೊಂಡ. ಅದೇ ಪಿಟ್ಟಿನಲ್ಲಿ ಹೋಮ್‌ಗೆ ಪದಕವೇ ಬರಲಿಲ್ಲ. ಥಾಮಸ್‌ನ ಹಿಮ್ಮಡಿ ಟೆಂಡನ್ ಅವನ ಎತ್ತರಕ್ಕೆ ತುಂಬಾ ಉದ್ದ ಅಂತ ಆಮೇಲೆ ಅಳೆದು ನೋಡಿದವರು ಹೇಳಿದರು. ಹಾಗಾದರೆ ಹುಟ್ಟೇ ಎಲ್ಲಾ ಅಂತೀರಾ? ಥಾಮಸ್ ಮುಂದೆ ವರ್ಷಗಟ್ಟಲೆ ಹಾರಿದರೂ ಆ ಚಿನ್ನ ಮತ್ತೆ ಬರಲಿಲ್ಲ. ಉದ್ದದ ಟೆಂಡನ್ ಒಳ್ಳೆಯ ಆರಂಭ ಕೊಡುತ್ತದೆ ಅನ್ನೋದನ್ನು ನಾನು ಒಪ್ಪುತ್ತೇನೆ. ನಿಮ್ಮ ಗೆಳೆಯನಿಗೆ ಅದು ಇರಬಹುದು. ಆದರೆ ಐದಡಿ ಎಂಟಿಂಚಿನ ಹುಡುಗ ಹೋಮ್ ದಾರಿ ನೋಡಬೇಕು, ಅದು ಕಷ್ಟದ್ದು, ಆದರೆ ತೆರೆದಿದೆ.

ನಮ್ಮ ಪಕ್ಕದಲ್ಲೇ ನೋಡಬೇಕಾದರೆ, 2023ರ ಮಾರ್ಚಿನಲ್ಲಿ ಜೆಸ್ವಿನ್ ಆಲ್ಡ್ರಿನ್ ಲಾಂಗ್‌ಜಂಪಿನಲ್ಲಿ 8.42 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ದುರ್ಗದಿಂದ ಬಸ್ಸು ಹತ್ತಿದರೆ ಅರ್ಧ ದಿನದ ದಾರಿಯೂ ಅಲ್ಲ. ಆ ಜಂಪಿನ ವಿಡಿಯೋ ಹುಡುಕಿ ನೋಡಿ, ಕೊನೇ ಹೆಜ್ಜೆಯನ್ನೇ ಮತ್ತೆ ಮತ್ತೆ ನೋಡಿ. ಹಲಗೆಗೆ ಇಟ್ಟ ಕಾಲು ಎಷ್ಟು ಕಡಿಮೆ ಮಡಿಚುತ್ತದೆ ಅಂತ ಗಮನಿಸಿ. ಆ ಕಾಲು ಬಗ್ಗಿದ್ದರೆ ಓಟದ ವೇಗವೆಲ್ಲ ಅಲ್ಲೇ ಇಂಗಿಹೋಗುತ್ತಿತ್ತು.

ಇನ್ನು ಏನು ಮಾಡಬೇಕು ಅನ್ನೋದು. ಟೆಂಡನ್ ಗಡುಸಾಗಬೇಕಾದರೆ ಅದನ್ನು ಜೋರಾಗಿ, ಸ್ವಲ್ಪ ಹೊತ್ತು ಎಳೆದು ಹಿಡಿಯಬೇಕು. ಜರ್ಮನಿಯಲ್ಲಿ ಅರಂಪಾಟ್ಜಿಸ್ ಅವರ ತಂಡ 2007ರಲ್ಲಿ 14 ವಾರ ಒಂದು ಪ್ರಯೋಗ ಮಾಡಿತು. ಒಬ್ಬನದೇ ಎರಡು ಕಾಲು. ಒಂದು ಕಾಲಿಗೆ ಜೋರು ಭಾರ, ಇನ್ನೊಂದಕ್ಕೆ ಹಗುರ ಭಾರ, ಆದರೆ ಒಟ್ಟು ಕೆಲಸ ಎರಡಕ್ಕೂ ಸಮ ಇರುವ ಹಾಗೆ ನೋಡಿಕೊಂಡರು. ಜೋರು ಭಾರದ ಕಾಲಿನ ಹಿಮ್ಮಡಿ ಟೆಂಡನ್ ಗಡುಸಾಯಿತು. ಹಗುರದ್ದು ಹಾಗೇ ಉಳಿಯಿತು. ಅಂದರೆ ಹಗುರವಾಗಿ ಸುಮ್ನೆ ನೂರು ಸಲ ಹಿಮ್ಮಡಿ ಎತ್ತಿ ಇಳಿಸಿದರೆ ಮೀನಖಂಡ ಸುಸ್ತಾಗುತ್ತದೆ, ಟೆಂಡನ್ನಿಗೆ ಸುದ್ದಿಯೇ ಮುಟ್ಟಲ್ಲ.

ನಮ್ಮ ಹುಡುಗರಿಗೆ ಹೇಳಿಕೊಡೋದು ಹೀಗೆ. ಮೆಟ್ಟಿಲ ಅಂಚಿನಲ್ಲಿ ಒಂದೇ ಕಾಲಲ್ಲಿ ನಿಂತು, ಬೆನ್ನಿಗೆ ಭಾರ ಹಾಕಿಕೊಂಡು, ಹಿಮ್ಮಡಿ ಎತ್ತಿ ಮೂರು ಸೆಕೆಂಡ್ ಬಿಗಿ ಹಿಡಿದು ಮೆಲ್ಲಗೆ ಇಳಿಸೋದು. ಭಾರ ಎಷ್ಟಿರಬೇಕು ಅಂದರೆ ಆರೇಳು ಸಲಕ್ಕೆ ಇನ್ನು ಆಗಲ್ಲ ಅನಿಸಬೇಕು. ಜಿಮ್ ಇಲ್ಲದವರು ಬ್ಯಾಗಿಗೆ ಮರಳು ತುಂಬಿಕೊಳ್ಳುತ್ತಾರೆ, ಮನೆಯಲ್ಲಿ ಅಕ್ಕಿ ಪ್ಯಾಕೆಟ್ ಇದ್ದರೆ ಅದೂ ಆಗುತ್ತೆ. ವಾರಕ್ಕೆ ಮೂರು ದಿನ. ಇದರ ಮೇಲೆ, ಬೇರೆ ದಿನ, ಸಣ್ಣ ಕುಪ್ಪಳಿಕೆ. ಮೊಣಕಾಲು ಹೆಚ್ಚು ಮಡಿಚದೆ, ಹಿಮ್ಮಡಿ ನೆಲಕ್ಕೆ ತಾಗಿಸದೆ, ಬರೀ ಪಾದದ ಮುಂಭಾಗದಲ್ಲಿ ಟಪ್ ಟಪ್ ಅಂತ. ನಾನು ಹುಡುಗರ ಕಾಲು ನೋಡೋದಕ್ಕಿಂತ ಸದ್ದು ಕೇಳುತ್ತೇನೆ. ಚುಟುಕಾದ ಒಂದೇ ಸದ್ದು ಬಂದರೆ ಸರಿ. ಧಪ್ ಅಂತ ಎಳೆದ ಸದ್ದು ಬಂತೋ, ಹಿಮ್ಮಡಿ ಕುಸಿಯಿತು ಅಂತ ಅರ್ಥ, ಅಲ್ಲಿಗೆ ಆ ದಿನದ ಕುಪ್ಪಳಿಕೆ ನಿಲ್ಲಿಸುತ್ತೇನೆ. ಸುಸ್ತಾದ ಕಾಲಲ್ಲಿ ಹಾರಿದರೆ ಅದೇ ತಪ್ಪು ಅಭ್ಯಾಸ ಆಗಿ ಕೂರುತ್ತದೆ.

ಕಾಲಿಗೆ ಮರಳಿನ ಪಟ್ಟಿ ನನ್ನ ಪ್ರಕಾರ ಬೇಡವೇ ಬೇಡ. ಅದು ಕಾಲಿನ ವೇಗ ಕಡಿಮೆ ಮಾಡುತ್ತೆ, ಇಳಿಯುವಾಗ ಮೊಣಕಾಲಿಗೆ ಹೊರೆ. ಮರಳಿನ ಮೇಲೆ ಹಾರೋದನ್ನೂ ಕೆಲವರು ಹೇಳುತ್ತಾರೆ. ಮರಳು ಮೆತ್ತಗಿದ್ದು ಪೆಟ್ಟು ಕಡಿಮೆ, ಅದು ಒಳ್ಳೆಯದೇ, ಆದರೆ ಟೆಂಡನ್ನಿನಿಂದ ವಾಪಸ್ ಬರಬೇಕಾದ್ದನ್ನು ಮರಳು ನುಂಗಿಬಿಡುತ್ತದೆ. ಮಾಂಸಖಂಡಕ್ಕೆ ಕೆಲಸ, ಚುರುಕಿಗೆ ಅಲ್ಲ. ಕಾಂಕ್ರೀಟ್ ಬೇಡ. ನೀರು ಹಾಕಿ ಹದ ಮಾಡಿದ ಕೆಂಪು ಮಣ್ಣಿನ ಅಂಕಣ ಸಿಕ್ಕರೆ ಅದಕ್ಕಿಂತ ಒಳ್ಳೆಯದು ನಮ್ಮ ಕಡೆ ಸಿಗಲ್ಲ.

ಜಗಳೂರು ಸ್ಮ್ಯಾಶರ್:

ತುಂಬಾ ಥ್ಯಾಂಕ್ಸ್ ಸರ್, ಮೇಡಂ, ಹರಿಹರದ ಅಣ್ಣಾ. ಸ್ಲೋ ಮೋಷನ್ ಹಿಡಿದು ನೋಡಿದೆ. ಅಣ್ಣ ಹೇಳಿದ್ದು ಸರಿ, ನಾನು ಬಗ್ಗಿದ ಮೇಲೆ ಕೆಳಗೆ ನಿಲ್ಲುತ್ತಿದ್ದೇನೆ, ವಿಡಿಯೋದಲ್ಲಿ ಸ್ಪಷ್ಟ ಕಾಣುತ್ತೆ. ಗೆಳೆಯನದು ಕೆಳಗೆ ಹೋಗಿದ್ದೇ ಗೊತ್ತಾಗಲ್ಲ. ಓಡಿಬರುವಾಗಲೂ ಎರಡನೇ ಕಾಲು ಊರುವುದು ತಡ ಆಗುತ್ತಿದೆ.

ಮೇಡಂ, ನೋವು ಒಂದೇ ಬೆರಳಲ್ಲಿ ತೋರಿಸಬಹುದು, ಚಿಪ್ಪಿನ ಕೆಳತುದಿಯಲ್ಲಿ. ಆಡೋಕೆ ಶುರು ಮಾಡಿದಾಗ ನೋಯುತ್ತೆ, ಮೈ ಬಿಸಿಯಾದ ಮೇಲೆ ಮರೆತೇ ಹೋಗುತ್ತೆ, ಮಾರನೇ ದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಮತ್ತೆ. ಪರಿಚಯದವರೊಬ್ಬರು ಒಂದು ಇಂಜೆಕ್ಷನ್ ಹಾಕಿಸಿಕೋ, ಮೂರು ದಿನದಲ್ಲಿ ಹೋಗುತ್ತೆ ಅಂದರು. ಮುಂದಿನ ತಿಂಗಳು ಪಂದ್ಯಾವಳಿ ಇದೆ, ಹಾಕಿಸಿಕೊಳ್ಳಬಹುದಾ?

ಬೆಣ್ಣೆನಗರಿ ಫಿಸಿಯೋ:

ಬೇಡ ತಮ್ಮಾ. ಅವಸರ ಮಾಡಬೇಡ.

ನೀನು ಹೇಳಿದ ಲಕ್ಷಣ ಜಂಪರ್ಸ್ ನೀ ಅನ್ನುವ ತೊಂದರೆಯ ಹಾಗೇ ಕಾಣುತ್ತದೆ, ಚಿಪ್ಪಿನಿಂದ ಕೆಳಗಿನ ಮೂಳೆಗೆ ಹೋಗುವ ಪಟೆಲ್ಲಾ ಟೆಂಡನ್ನಿನದು. ಕೈಯಲ್ಲಿ ಮುಟ್ಟಿ ನೋಡದೆ ಖಚಿತ ಹೇಳಲ್ಲ, ಒಮ್ಮೆ ಯಾರಾದರೂ ಫಿಸಿಯೋಗೆ ಅಥವಾ ಮೂಳೆ ಡಾಕ್ಟರಿಗೆ ತೋರಿಸು. ವಾಲಿಬಾಲಿನವರಿಗೆ ಇದು ತುಂಬಾ ಮಾಮೂಲು. ನಾರ್ವೆಯಲ್ಲಿ 2005ರಲ್ಲಿ ನೋಡಿದಾಗ ಉನ್ನತ ಮಟ್ಟದ ಗಂಡು ವಾಲಿಬಾಲ್ ಆಟಗಾರರಲ್ಲಿ ಸುಮಾರು 45 ಶೇಕಡ ಜನಕ್ಕೆ ಇತ್ತು. ಜಂಪ್ ಚೆನ್ನಾಗಿರುವವರಿಗೇ ಜಾಸ್ತಿ ಬರುವ ತೊಂದರೆ ಇದು, ಎತ್ತರ ಹಾರುವವನು ಅಷ್ಟೇ ಎತ್ತರದಿಂದ ಇಳಿಯಲೂ ಬೇಕಲ್ಲ.

ಇಂಜೆಕ್ಷನ್ ಅಂದರೆ ಅವರು ಹೇಳಿದ್ದು ಸ್ಟೀರಾಯ್ಡ್ ಇರಬೇಕು. 2009ರಲ್ಲಿ ಡೆನ್ಮಾರ್ಕಿನಲ್ಲಿ ಇದೇ ಮೊಣಕಾಲ ತೊಂದರೆಗೆ ಹೋಲಿಕೆ ಮಾಡಿದ್ದರು. ಇಂಜೆಕ್ಷನ್ ಹಾಕಿಸಿಕೊಂಡವರು 12 ವಾರಕ್ಕೆ ಚೆನ್ನಾಗಿದ್ದರು, ಅರ್ಧ ವರ್ಷ ಕಳೆಯುವಷ್ಟರಲ್ಲಿ ಮತ್ತೆ ಹಿಂದಕ್ಕೆ ಬಂದಿದ್ದರು. ನಿಧಾನವಾಗಿ ಭಾರ ಎತ್ತುವ ವ್ಯಾಯಾಮ ಮಾಡಿದವರು 12 ವಾರಕ್ಕೂ ಚೆನ್ನಾಗಿದ್ದರು, ಆಮೇಲೂ ಚೆನ್ನಾಗಿದ್ದರು. ನೋವು ಗೊತ್ತಾಗದೆ ಜೋರಾಗಿ ಹಾರಿದರೆ ಟೆಂಡನ್ನಿಗೆ ಆಗುವ ಹಾನಿ ಬೇರೆ.

ಈಗ ಮಾಡಬೇಕಾದ್ದು. ಪೂರ್ತಿ ರೆಸ್ಟ್ ತಗೋಬೇಡ, ಸುಮ್ಮನೆ ಕೂತರೆ ಟೆಂಡನ್ ಇನ್ನೂ ಬಲ ಕಳೆದುಕೊಳ್ಳುತ್ತದೆ. ಹಾರುವ ಲೆಕ್ಕ ಕಡಿಮೆ ಮಾಡು. ಜಿಮ್‌ನ ಲೆಗ್ ಎಕ್ಸ್‌ಟೆನ್ಶನ್ ಮಷೀನಿನಲ್ಲಿ (ಕೂತುಕೊಂಡು ಕಾಲು ನೀಡಿ ಭಾರ ಎತ್ತುವುದು) ಮೊಣಕಾಲನ್ನು ಅರ್ಧ ಮಡಿಚಿ, ಅಲುಗಾಡದೆ 45 ಸೆಕೆಂಡ್ ಬಿಗಿ ಹಿಡಿ, ಎರಡು ನಿಮಿಷ ಬಿಡು, ಹೀಗೆ ಐದು ಸಲ. ಎಷ್ಟೋ ಜನಕ್ಕೆ ಅದರಿಂದಲೇ ನೋವು ಸ್ವಲ್ಪ ಹೊತ್ತು ಇಳಿಯುತ್ತದೆ. ಆಮೇಲೆ ಸ್ಕ್ವಾಟ್, ನಿನ್ನ ಅದೇ ಸ್ಕ್ವಾಟ್, ಮೂರು ಸೆಕೆಂಡ್ ಇಳಿಯೋದಕ್ಕೆ, ಮೂರು ಸೆಕೆಂಡ್ ಏಳೋದಕ್ಕೆ. ಮಾರನೇ ಬೆಳಿಗ್ಗೆಯ ನೋವೇ ನಿನ್ನ ಅಳತೆ. ಅದು ಹಿಂದಿನ ದಿನಕ್ಕಿಂತ ಜಾಸ್ತಿ ಆದರೆ ಭಾರ ಇಳಿಸು, ಇದ್ದಷ್ಟೇ ಇದ್ದರೆ ಮುಂದುವರಿ.

ಇನ್ನೊಂದು ವಿಷಯ ಎಲ್ಲರಿಗೂ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಒಫ್ಲಾಕ್ಸಾಸಿನ್ ಹೀಗೆ 'ಫ್ಲಾಕ್ಸಾಸಿನ್' ಅಂತ ಕೊನೆಯಾಗುವ ಆ್ಯಂಟಿಬಯಾಟಿಕ್‌ಗಳಿಂದ ಟೆಂಡನ್ ನೋವು, ಕೆಲವೊಮ್ಮೆ ಟೆಂಡನ್ ಹರಿಯುವುದು ಆಗಬಹುದು. 2008ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇವುಗಳ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಹೊಟ್ಟೆ ಕೆಟ್ಟಿತು ಅಂತ ಮೆಡಿಕಲ್ ಶಾಪಿಗೆ ಹೋಗಿ ನೀವೇ ಕೇಳಿ ತಗೋಬೇಡಿ. ಡಾಕ್ಟರ್ ಬರೆದುಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ, ಆದರೆ ನಾನು ಹಾರುವ ಆಟ ಆಡುತ್ತೇನೆ ಅಂತ ಅವರಿಗೆ ಹೇಳಿ. ಮಾತ್ರೆ ತಗೊಳ್ಳುವಾಗ ಹಿಮ್ಮಡಿ ನೋಯಲು ಶುರುವಾದರೆ ತಕ್ಷಣ ಅವರಿಗೆ ತಿಳಿಸಿ.

ಹೊಸದುರ್ಗ ಖೋಖೋ:

ನಾನು ಹೈಸ್ಕೂಲ್ ಹುಡುಗಿಯರ ಖೋಖೋ ಟೀಮ್ ನೋಡಿಕೊಳ್ಳುತ್ತೇನೆ. ಇದನ್ನೆಲ್ಲ ಓದಿ ನಮ್ಮ ಮಕ್ಕಳಿಗೂ ಕುಪ್ಪಳಿಕೆ ಶುರು ಮಾಡಿಸೋಣ ಅನಿಸಿತು. ಹದಿನಾಲ್ಕು ಹದಿನೈದು ವಯಸ್ಸು. ಬೆಂಚಿನಿಂದ ಕೆಳಗೆ ಹಾರಿ ಕೂಡಲೇ ಮೇಲೆ ಹಾರಿಸುವುದನ್ನು ವಿಡಿಯೋದಲ್ಲಿ ನೋಡಿದ್ದೇನೆ. ಮಾಡಿಸಬಹುದಾ ಸರ್? ಮತ್ತೆ ಜಂಪ್ ಅಳೆಯೋದಕ್ಕೆ ಗೋಡೆ ಬಿಟ್ಟು ಬೇರೆ ಸುಲಭದ ದಾರಿ ಇದೆಯಾ? ನಮ್ಮ ಶಾಲೆಯ ಗೋಡೆಗೆ ಹೊಸದಾಗಿ ಸುಣ್ಣ ಹೊಡೆಸಿದ್ದಾರೆ.

ಕೋಟೆ ಕೆಳಗಿನ ಕೋಚ್:

ಅಕ್ಕಾ, ಬೆಂಚಿನಿಂದ ಹಾರಿಸೋದು ಸದ್ಯಕ್ಕೆ ಬೇಡ. ಅದು ಸೋವಿಯತ್ ಕಾಲದಲ್ಲಿ ವೆರ್ಖೊಶಾನ್ಸ್ಕಿ ಅನ್ನುವವರು ಪಳಗಿದ ಜಂಪರ್‌ಗಳಿಗೆ ಮಾಡಿಸಿದ್ದು. ಭಾರ ಎತ್ತಿ ಅಭ್ಯಾಸ ಆದ ಕಾಲಿಗೆ ಸರಿ. ನಿಮ್ಮ ಮಕ್ಕಳಿಗೆ ಸ್ಕಿಪ್ಪಿಂಗ್ ಹಗ್ಗವೇ ಸಾಕು. ಹಿಮ್ಮಡಿ ತಾಗದ ಹಾಗೆ, ಚುಟುಕು ಸದ್ದಿನಲ್ಲಿ. ಕುಂಟೆಬಿಲ್ಲೆಯೂ ಒಂದೇ ಕಾಲಿನ ಕುಪ್ಪಳಿಕೆಯೇ, ಆಡಲಿ ಬಿಡಿ. ಎಲ್ಲಕ್ಕಿಂತ ಮೊದಲು ಇಳಿಯೋದು ಕಲಿಸಿ. ಇಳಿಯುವಾಗ ಹುಡುಗಿಯರ ಮೊಣಕಾಲು ಒಳಕ್ಕೆ ವಾಲುತ್ತದೆಯಾ ಎದುರಿನಿಂದ ನಿಂತು ನೋಡಿ, ವಾಲಿದರೆ ಅದನ್ನು ತಿದ್ದುವ ತನಕ ಎತ್ತರದ ಮಾತು ಬೇಡ.

ಅಳೆಯೋದಕ್ಕೆ ಮೊಬೈಲ್ ಸಾಕು. ಸ್ಲೋ ಮೋಷನ್ನಿನಲ್ಲಿ ಪಾದ ಮಾತ್ರ ಕಾಣುವ ಹಾಗೆ ಹಿಡಿಯಿರಿ. ಬೆರಳು ನೆಲ ಬಿಟ್ಟ ಫ್ರೇಮಿನಿಂದ ನೆಲ ಮುಟ್ಟಿದ ಫ್ರೇಮ್ ತನಕ ಎಣಿಸಿ. ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಮೊಬೈಲಲ್ಲಿ 120 ಫ್ರೇಮ್ ಬಂದರೆ ಗಾಳಿಯಲ್ಲಿ ಇದ್ದದ್ದು ಅರ್ಧ ಸೆಕೆಂಡ್. ಆ ಸಮಯವನ್ನು ಅದರಿಂದಲೇ ಗುಣಿಸಿ, 9.81ರಿಂದ ಗುಣಿಸಿ, 8ರಿಂದ ಭಾಗಿಸಿ. ಸುಮಾರು 31 ಸೆಂಟಿಮೀಟರ್ ಬರುತ್ತದೆ. 144 ಫ್ರೇಮ್ ಬಂದರೆ 44. ಇಳಿಯುವಾಗ ಮೊಣಕಾಲು ಮಡಿಚಿಕೊಂಡು ಇಳಿಯಬಾರದು, ಹಾಗೆ ಇಳಿದರೆ ಗಾಳಿಯ ಸಮಯ ಸುಳ್ಳು ಹೆಚ್ಚುತ್ತದೆ. ಕೈ ಸೊಂಟದ ಮೇಲೆ ಇರಲಿ, ಇಲ್ಲದಿದ್ದರೆ ಕೈ ಬೀಸಿ ಗಳಿಸಿದ ಎತ್ತರವೂ ಸೇರಿಕೊಂಡು ಕಾಲಿನದು ಎಷ್ಟು ಅಂತ ಗೊತ್ತಾಗಲ್ಲ.

ಎಂಪಿಎಡ್ ಹರಿಹರ:

ಜಗಳೂರಿನ ತಮ್ಮನಿಗೆ ಒಂದು ಮಾತು, ಮುಂದಿನ ತಿಂಗಳು ಪಂದ್ಯಾವಳಿ ಅಂದಿದ್ದಕ್ಕೆ. ಒಂದು ತಿಂಗಳಲ್ಲಿ ಟೆಂಡನ್ ಬದಲಾಗಲ್ಲ, ಅದಕ್ಕೆ ಮೂರು ನಾಲ್ಕು ತಿಂಗಳು ಬೇಕು. 2013ರಲ್ಲಿ ಡೆನ್ಮಾರ್ಕಿನವರು, 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಎಲ್ಲರ ಮೈಗೂ ಸೇರಿದ ಇಂಗಾಲ-14ನ್ನು (ವಿಕಿರಣಶೀಲ ಇಂಗಾಲ) ಅಳೆದು ನೋಡಿದರು. ಟೆಂಡನ್ ಯಾವಾಗ ಕಟ್ಟಿದ್ದು ಅಂತ ಅದರಿಂದ ಗೊತ್ತಾಗುತ್ತದೆ. ಹಿಮ್ಮಡಿ ಟೆಂಡನ್ನಿನ ಒಳತಿರುಳು ಹದಿನೇಳರ ವಯಸ್ಸಿನ ಹೊತ್ತಿಗೆ ಕಟ್ಟಿ ಮುಗಿದಿರುತ್ತದೆ, ಆಮೇಲೆ ಹೊಸದಾಗಿ ಹುಟ್ಟುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತರಬೇತಿಯಿಂದ ಗಡುಸಾಗುತ್ತದೆ, ಆದರೆ ಹಾಳಾದರೆ ಮಾಂಸಖಂಡದ ಹಾಗೆ ಬೇಗ ವಾಸಿ ಆಗಲ್ಲ. ಆದರೆ ಬಗ್ಗುವ ರೀತಿ ಒಂದು ತಿಂಗಳಲ್ಲಿ ಖಂಡಿತ ಬದಲಾಗುತ್ತೆ. ಭಾರ ಇಲ್ಲದೆ, ಸರಕ್ಕನೆ ಇಳಿದು ತಟ್ಟನೆ ಏಳುವುದನ್ನು ಮೈ ಹಗುರ ಇರುವಾಗ ಮಾಡಿ, ಒಂದು ಸಲಕ್ಕೆ ಮೂರು ನಾಲ್ಕು ಜಂಪ್, ನಡುವೆ ಚೆನ್ನಾಗಿ ಸುಧಾರಿಸಿಕೊಳ್ಳಿ. ಮೊಣಕಾಲು ಒಪ್ಪಿದಷ್ಟು ಮಾತ್ರ.

ಮತ್ತೆ ಹೊನಲು ಬೆಳಕಿನ ಪಂದ್ಯ ಅಂದರೆ ನಿಮಗೇ ಗೊತ್ತು, ರಾತ್ರಿ ಹತ್ತಕ್ಕೆ ಅಂದ ಮ್ಯಾಚು ಎರಡು ಗಂಟೆಗೆ ಶುರು ಆಗುತ್ತೆ. ಅಷ್ಟು ಹೊತ್ತು ಚಳಿಯಲ್ಲಿ ಕೂತು, ಮೈಕಿನಲ್ಲಿ ಹೆಸರು ಕರೆದ ಕೂಡಲೇ ಎದ್ದು ಹೋಗಿ ಹಾರಬೇಡಿ. ಹಿಂದಿನ ಮ್ಯಾಚಿನ ಕೊನೇ ಸೆಟ್ ನಡೆಯುವಾಗಲೇ ಪೆಂಡಾಲಿನ ಹಿಂದೆ ಜಾಗ ನೋಡಿಕೊಂಡು ಮೆಲ್ಲಗೆ ಓಡಿ, ಹಿಮ್ಮಡಿ ಎತ್ತಿ ಇಳಿಸಿ, ಸಣ್ಣದಾಗಿ ಕುಪ್ಪಳಿಸಿ, ಕೊನೆಗೆ ನಾಲ್ಕೈದು ಪೂರ್ತಿ ಜಂಪ್ ಮಾಡಿ ಅಂಕಣಕ್ಕೆ ಇಳಿಯಿರಿ.